ನಲ್ಲಿ ಇದೆ, ನೀರು ಹೊರಬೇಡ

"ಬಿಡು ಬಾಟಲಿ!" ವರ್ನಾ ಎಮೆಟ್‌ನ ಕೈಯಿಂದ ನೀರು ಕಿತ್ತುಕೊಂಡಳು. "ಒಂಟೆ ಥರ ಹೀರಿದ್ರೆ ಎಲ್ಲಾ ವಾಂತಿ ಆಗತ್ತೆ. ಗುಟುಕು ಗುಟುಕಾಗಿ ಕುಡಿ."

ಕೊರಿನ್ ಗಂಡ ಎಮೆಟ್‌ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಅವನ ತುಟಿ ಒಡೆದು ಕಪ್ಪಾಗಿತ್ತು. ಬೇರೆ ಕಡೆ ಹೋಗಿದ್ದ ಆಂಬುಲೆನ್ಸ್ ಬರಲು ಇನ್ನೂ ಎರಡು ಗಂಟೆ ಬೇಕೆಂದು ರೇಡಿಯೊದಲ್ಲಿ ಹೇಳಿದ್ದರು. ನೆವಾಡಾ ಮರುಭೂಮಿಯಲ್ಲಿ, ಫೋನ್ ಸಿಗ್ನಲ್ ಕೂಡ ಸಿಗದ ಕಡೆ, ಪ್ರವಾಸಿಗರು ಡೇರೆ ಹಾಕುವ ಆ ಸರ್ಕಾರಿ ಶಿಬಿರದಲ್ಲಿ ಇದ್ದದ್ದು ಒಂದು ಕಕ್ಕಸು, ಸುಟ್ಟು ಕರಕಲಾದ ಒಂದು ಮೇಜು, ನೆಲದಿಂದ ಮೊಳದಷ್ಟು ಎದ್ದು ನಿಂತ ತುಕ್ಕುಹಿಡಿದ ಒಂದು ಕೊಳವೆ, ಅಷ್ಟೆ.

ಗುರುವಾರ ಅವನನ್ನು ಮುಖ್ಯರಸ್ತೆ ಬದಿಯ ದನ ತಡೆಯುವ ಗೇಟಿನ ಬಳಿ ಇಳಿಸಿದವಳು ಕೊರಿನ್ನೇ. ಅವಳ ತಗ್ಗು ಕಾರು ಆ ಮರಳಿನ ದಾರಿಯಲ್ಲಿ ಬರುವಂತಿರಲಿಲ್ಲ. ಅವನು ಡೇರೆ ಹೊತ್ತು, ಎರಡೇ ಬಾಟಲಿ ನೀರು ಹಿಡಿದು ನಡೆದು ಹೋಗಿದ್ದ. ಮರುದಿನವೇ ಅವನ ಅಣ್ಣ ಗ್ರೇಡಿ ಜೀಪಿನಲ್ಲಿ ಬಂದು ಸೇರಬೇಕಿತ್ತು. ಇಂದು ಭಾನುವಾರ. ವಾರಕ್ಕೊಮ್ಮೆ ಶಿಬಿರ ನೋಡಲು ಬರುವ ಮೇಲ್ವಿಚಾರಕಿ ವರ್ನಾ ಅವನನ್ನು ಕಂಡು ಸುದ್ದಿ ಮುಟ್ಟಿಸಿದ ಮೇಲೆ, ಕೊರಿನ್ ಅದೇ ಗ್ರೇಡಿಯ ಜೀಪಿನಲ್ಲಿ ಓಡಿ ಬಂದಿದ್ದಳು.

"ಎರಡು ಬಾಟಲಿ ಕೊಟ್ಟು ಕಳಿಸಿದ್ದು ನೀನು, ಕೊರಿನ್," ಎಂದ ಗ್ರೇಡಿ. "ನನ್ನ ಜೀಪ್ ನಿನ್ನೆವರೆಗೂ ಕೆಟ್ಟು ಕೂತಿತ್ತು. ನಾನೇನು ಮಾಡ್ಲಿ?"

"ನಾನಾ? ನೀನೇ ಬರೆದು ಕಳಿಸಿದ್ದಲ್ಲ!" ಪ್ರವಾಸಕ್ಕೆ ಮುಂಚೆ ಗ್ರೇಡಿ ತಮ್ಮನಿಗೆ ಬರೆದಿದ್ದ ಚೀಟಿಯನ್ನು ಕೊರಿನ್ ಜೇಬಿನಿಂದ ತೆಗೆದು ಓದಿದಳು: "'ನಲ್ಲಿ ಇದೆ, ನೀರು ಹೊರಬೇಡ. ಮಡಚುವ ಮೇಜು ನಾನು ತರುತ್ತೇನೆ, ಅಲ್ಲಿಯದು ಸುಟ್ಟಿದೆ. ನಾನು ಬರುವವರೆಗೆ ಅಲ್ಲಿಂದ ಕದಲಬೇಡ.'"

ಗ್ರೇಡಿ ವರ್ನಾಳ ಕಡೆ ತಿರುಗಿದ. "ಹಳೇ ಪ್ರವಾಸದ ಪುಸ್ತಕ ನೋಡಿ ಬರೆದೆ ಮೇಡಂ. ಈ ಜಾಗಕ್ಕೆ ಕಾಲಿಟ್ಟಿದ್ದೇ ಇವತ್ತು."

ವರ್ನಾ ಹದಿನೆಂಟು ವರ್ಷದಿಂದ ಆ ಮರುಭೂಮಿಯಲ್ಲೇ ಬಾಳಿದವಳು. ಕಳುವಾದ ಬ್ಯಾಟರಿಯಿಂದ ಕಾಣೆಯಾದ ಮನುಷ್ಯರವರೆಗೆ ಅಲ್ಲಿಯವರು ಮೊದಲು ಹುಡುಕಿ ಬರುವುದು ಅವಳ ಬಾಗಿಲಿಗೆ. ಎಮೆಟ್‌ಗೆಂದು ಕಟ್ಟಿದ್ದ ಟಾರ್ಪಾಲಿನ ನೆರಳಿಗೆ ಅವಳು ಗ್ರೇಡಿಯನ್ನೂ ಕರೆದಳು.

"ಪುಸ್ತಕದಲ್ಲಿ ನಲ್ಲಿ ಇರೋದು ನಿಜ. ಅದರ ತಲೆ ಕಿತ್ತು, ಕೊಳವೆಗೆ ಸಿಮೆಂಟು ತುಂಬಿ ಐದು ವರ್ಷ ಆಯ್ತು. ಆದ್ರೆ ಮೇಜು? ಅದನ್ನ ಯಾರೋ ಪುಂಡರು ಸುಟ್ಟಿದ್ದು ಮೂರು ವಾರದ ಹಿಂದೆ. ಸೋಮಾರಿ ನಾನು, ಕಚೇರಿಗೂ ಇನ್ನೂ ತಿಳಿಸಿಲ್ಲ. ಯಾವ ಪುಸ್ತಕದಲ್ಲಿ ಓದಿದೆ ಅದನ್ನ?"

"ಯಾರೋ ಹೇಳಿರಬೇಕು..."

"ಯಾರು? ಹೆಸರು ಹೇಳು."

ಗ್ರೇಡಿ ಜೀಪಿನ ಕೀಲಿ ತೆಗೆದು ಬೆರಳಲ್ಲಿ ತಿರುಗಿಸತೊಡಗಿದ.

"ಈ ಮೂರು ವಾರದೊಳಗೆ ನೀನೇ ಬಂದು ನೋಡಿದೀಯ. ಮೇಜಿಂದ ಆ ಕೊಳವೆಗೆ ನಾಲ್ಕೇ ಹೆಜ್ಜೆ. ನೀರಿಲ್ಲ ಅಂತ ಗೊತ್ತಿದ್ದೇ ಹೀಗೆ ಬರೆದೆ. ಕದಲಬೇಡ ಅಂತ ಕಟ್ಟಿಯೂ ಹಾಕಿದೆ. ಸಾಯಿಸೋಕೆ ಕರೆಸಿದವನು ಊಟದ ಮೇಜು ಮಾತ್ರ ಮರೀಲಿಲ್ಲ ನೋಡು! ಯಾಕೆ ಅನ್ನೋದು ನನಗೆ ಗೊತ್ತಿಲ್ಲ."

"ನಂಗೊತ್ತು," ಕೊರಿನ್ ಹೇಳಿದಳು. "ನಾಳೆ ಕೋರ್ಟಿನಲ್ಲಿ ಗ್ರೇಡಿಯ ವಿಚಾರಣೆ. ಇವನು ಕುಡಿದು ಒಬ್ಬ ಹೆಂಗಸಿನ ಮೇಲೆ ಗಾಡಿ ಹತ್ತಿಸಿದಾಗ ಪಕ್ಕದಲ್ಲಿ ಎಮೆಟ್ ಇದ್ದ. ಅವನೊಬ್ಬನೇ ಸಾಕ್ಷಿ."

ಎಮೆಟ್‌ನ ಉಸಿರು ಕೀಚಲು ಸದ್ದು ಮಾಡುತ್ತಿತ್ತು. ಕಣ್ಣುಗುಡ್ಡೆ ಮೇಲೇರುತ್ತಿತ್ತು. ಎರಡು ಗಂಟೆ ಇವನು ತಡೆಯುತ್ತಾನೆಯೇ? ವರ್ನಾಳ ಹಳೆಯ ಪಿಕಪ್ ಗಾಡಿಯಲ್ಲಿ ಏಸಿ ಇಲ್ಲ. ಆ ಬಿಸಿಲಿನಲ್ಲಿ ಅದು ಒಲೆ. ಕೊರಿನ್ ಜೀಪಿನ ಕಡೆ ನೋಡಿದಳು. ಗ್ರೇಡಿಯೂ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಅದನ್ನೇ ನೋಡುತ್ತಿದ್ದ.

ಅವನು ತಮ್ಮನ ಪಕ್ಕ ಮಂಡಿಯೂರಿದ. "ಎಮೆಟ್, ಕೇಳೋ. ನನ್ನ ಗಾಡೀಲಿ ಏಸಿ ಇದೆ. ಒಂದೇ ಗಂಟೇಲಿ ಆಸ್ಪತ್ರೆ ಮುಟ್ಟಿಸ್ತೀನಿ, ಆಣೆ. ನಾಳೆ ಮಾತ್ರ... ಏನೂ ನೆನಪಿಲ್ಲ ಅಂದ್ಬಿಡು. ಎದ್ದು ಜೀಪ್ ಹತ್ತು."

ಕೊರಿನ್ ಗಂಡನ ತೋಳಿನಡಿ ಕೈ ಹಾಕಿದಳು. "ಹೂಂ ಅನ್ನು, ಎಮೆಟ್. ನಿನ್ನ ದಮ್ಮಯ್ಯ, ಹೂಂ ಅನ್ನು."

ಎಮೆಟ್ ಅವಳ ಕೈಯನ್ನು ಮೆಲ್ಲಗೆ ಸರಿಸಿದ.

"ಇವನ ಗಾಡಿ ಹತ್ತಲ್ಲ," ಎಂದ.