ನೀರಾಗ ಏನರೆ ಬಿದ್ದದೇನು?

ಸತ್ತ ಮೀನು ಹಿಡಿದುಕೊಂಡು ಜಗಳಕ್ಕೆ ಬಂದವನ ಮೇಲೆ ನಿನಗೆ ಮನಸ್ಸಾಗುತ್ತದೆ ಎಂದು ಯಾರಾದರೂ ಹೇಳಿದ್ದರೆ ಸಂಘಮಿತ್ರಾ ಬಿದ್ದು ಬಿದ್ದು ನಗುತ್ತಿದ್ದಳು.

ಚಿತ್ತಾಪುರ ಬಸ್ ಸ್ಟ್ಯಾಂಡಿನ ಹಿಂದೆ ಅವಳದೊಂದು ಅಕ್ವೇರಿಯಂ ಅಂಗಡಿ. ಮೀನುಗಾರಿಕೆಯಲ್ಲಿ ಡಿಗ್ರಿ ಮುಗಿಸಿ, ಸರಕಾರಿ ನೌಕರಿಗೆ ಕಾದು ಕೂದಲು ನರೆಸಿಕೊಳ್ಳುವುದಕ್ಕಿಂತ ಇದೇ ವಾಸಿ ಎಂದು ಅಪ್ಪ ನಾಮದೇವನ ಬೆನ್ನು ಬಿದ್ದು ತೆರೆದ ಅಂಗಡಿ. ಆವತ್ತು ಮಧ್ಯಾಹ್ನ ಎತ್ತರದ ಮನುಷ್ಯನೊಬ್ಬ ಒಳಗೆ ಬಂದು, ಪ್ಲಾಸ್ಟಿಕ್ ಚೀಲವನ್ನು ಕೌಂಟರ್ ಮೇಲೆ ಇಟ್ಟ. ಒಳಗೆ ಕೆಂಪು ಬಿಳಿ ಮಚ್ಚೆಯ ಕೊಯ್ ಮೀನು ಸತ್ತು ಸೆಟೆದುಕೊಂಡಿತ್ತು.

“ಇದು ನಮ್ಮ ಅಂಗಡಿ ಮೀನಲ್ರಿ,” ಎಂದಳು.

“ಗೊತ್ತದ್ರಿ. ಹೈದರಾಬಾದಿನಿಂದ ತಂದೀನಿ.”

“ಮತ್ತ ನನ್ನ ಮ್ಯಾಲ ಯಾಕ ಸಿಟ್ಟು?”

“ಜಗಳಾಡ್ಲಿಕ್ಕ ಅಷ್ಟು ದೂರ ಹೋಗ್ಲಿಕ್ಕಾಗಲ್ರಿ. ನೀವು ಹತ್ರ ಇದ್ರಿ.”

ಅವನು ಇದನ್ನು ತಮಾಷೆಗೆ ಹೇಳಲಿಲ್ಲ. ಅದಕ್ಕೇ ಅವಳಿಗೆ ನಗು ತಡೆಯಲು ಕಷ್ಟವಾಯಿತು. ಹೆಸರು ದೇವಾನಂದ, ಊರು ಶಹಾಬಾದ್, ನೆಲಕ್ಕೆ ಹಾಸುವ ಫರ್ಸಿ ಕಲ್ಲು ಪಾಲಿಶ್ ಮಾಡುವ ಸ್ವಂತ ಯಾರ್ಡು. ಮನೆಯ ಮುಂದಿನ ತೋಟದಲ್ಲಿ ತನ್ನದೇ ಕಲ್ಲು ಹಾಕಿ ಕೊಳ ಕಟ್ಟಿಸಿದ್ದ. ಬಿಟ್ಟ ಮೀನೆಲ್ಲ ಸತ್ತಿದ್ದವು.

“ಹೊಸ ಸಿಮೆಂಟ್ ಹೌದಿಲ್ರಿ? ನೀರು ನಿಲ್ಲಿಸಿ, ಚೆಲ್ಲಿ, ಮತ್ತ ನಿಲ್ಲಿಸಿದ್ರೇನು?”

“ಕ್ಯೂರಿಂಗ್ ಮಾಡೀನ್ರಿ. ಗೋಡಿ ಭಾಳ ಗಟ್ಟಿ ಆಗ್ಯದ.”

“ಗೋಡಿ ಗಟ್ಟಿ ಆಗ್ಯದ, ಮೀನು ಸುಣ್ಣದಾಗ ಬೆಂದಾವ. ಆಳ ಎಷ್ಟದ?”

“ಎರಡು ಫೂಟ್.”

“ನಮ್ಮ ಬ್ಯಾಸಗ್ಯಾಗ ಎರಡು ಫೂಟ್ ನೀರು ಕುದೀತದ್ರಿ. ಮೀನಿನ ಸಾರು ಬೇಕಾದ್ರ ಒಲಿ ಮ್ಯಾಲ ಇಡ್ರಿ, ಸೋವಿ ಬೀಳ್ತದ.”

“ನಮ್ಮ ಮನ್ಯಾಗ ತಿನ್ನಂಗಿಲ್ರಿ,” ಎಂದ ಅವನು ಗಾಬರಿಯಿಂದ.

ಈ ಸಲ ಅವಳು ನಕ್ಕೇಬಿಟ್ಟಳು. ಜಗಳಕ್ಕೆಂದು ಬಂದ ದೇವಾನಂದ ಆ ನಗುವನ್ನೇ ನೋಡುತ್ತ ನಿಂತ. ಹೊರಡುವಾಗ ಚೀಲ ಮರೆತ. ಅದನ್ನು ಕೊಡಲು ಅವಳು ಹಿಂದೆ ಓಡಬೇಕಾಯಿತು.

ಹೀಗೆ ಆ ಕೆಲಸ ಅವಳ ಕೈಗೆ ಬಂತು. ಹಳೆಯ ತೊಟ್ಟಿ ಒಡೆಸಿ, ತನ್ನ ಭುಜ ಮುಳುಗುವಷ್ಟು ಆಳ ತೋಡಿಸಿದಳು. ತಳದಲ್ಲಿ ಕೊಳೆ ಹೋಗಲು ಪೈಪು, ಪಕ್ಕದಲ್ಲಿ ದೊಡ್ಡ ಡ್ರಮ್ಮಿನ ಫಿಲ್ಟರು, ಮೇಲೆ ನೆರಳಿಗೆ ಹಸಿರು ಬಲೆ. ಎಲ್ಲ ಮುಗಿದ ಮೇಲೆ ದೇವಾನಂದ ಮೀನು ತರಲು ಕಾರಿನ ಕೀಲಿ ಎತ್ತಿಕೊಂಡರೆ ಅವಳು ಅಡ್ಡ ನಿಂತಳು.

“ಮೀನು ಉಚ್ಚಿ ಹೊಯ್ತಾವಿಲ್ರಿ, ಅದರಿಂದ ಅಮೋನಿಯಾ ಆಗ್ತದ. ಅದು ಅವಕ್ಕ ವಿಷ. ನಿಮ್ಮ ಕಲ್ಲಿನ ಸೀಮಿ ನೀರಾಗಂತೂ ದುಪ್ಪಟ್ಟು ವಿಷ. ಅದನ್ನ ತಿನ್ನೋ ಸಣ್ಣ ಹುಳ ಫಿಲ್ಟರಿನಾಗ ಹುಟ್ಟಬೇಕು. ಕಣ್ಣಿಗಿ ಕಾಣಂಗಿಲ್ಲ, ಅವಸರ ಮಾಡಿದ್ರ ಬರಂಗಿಲ್ಲ.”

ಆ ಕಾಣದ ಹುಳಗಳ ಪುಣ್ಯದಿಂದ ಅವಳು ವಾರಗಟ್ಟಲೆ ಶಹಾಬಾದಿಗೆ ಓಡಾಡಿದಳು. ಸಣ್ಣ ಗಾಜಿನ ಕೊಳವೆಯಲ್ಲಿ ಕೊಳದ ನೀರು ತುಂಬಿ, ಔಷಧದ ಹನಿ ಬಿಟ್ಟು, ಬಿಸಿಲಿಗೆ ಹಿಡಿಯುತ್ತಿದ್ದಳು. ಹಳದಿ ಬಂದರೆ ನೀರು ಒಳ್ಳೆಯದು, ಹಸಿರು ಬಂದರೆ ಕೆಟ್ಟದ್ದು. ಬಣ್ಣ ನೋಡುವ ನೆಪದಲ್ಲಿ ದೇವಾನಂದನ ತಲೆ ಅವಳ ತಲೆಯ ಹತ್ತಿರ ಬರುತ್ತಿತ್ತು. ಕೂದಲಲ್ಲಿ ಕಲ್ಲಿನ ಪುಡಿ, ಅಂಗಿಯಲ್ಲಿ ಸಾಬೂನಿನ ವಾಸನೆ. ಬಣ್ಣ ಗಟ್ಟಿಯಾಗಲು ತಗಲುವ ಹೊತ್ತು ಇನ್ನಷ್ಟು ಉದ್ದ ಇರಬಾರದೇ ಎನ್ನಿಸುತ್ತಿತ್ತು ಅವಳಿಗೆ.

“ಮೀನಿಲ್ಲದ ಕೊಳ ನೋಡ್ಲಿಕ್ಕ ಇಷ್ಟು ಸಲ ಬರ್ತೀರಲ್ಲ, ಪೆಟ್ರೋಲ್ ಪುಕ್ಕಟ ಸಿಗ್ತದೇನ್ರಿ?” ಎಂದು ಒಮ್ಮೆ ಕೇಳಿದ ಅವನು.

“ನೀರು ಹದಕ್ಕ ತರ್ಲಿಕ್ಕ ಬರ್ತೀನಿ.”

“ನೀರು ಒಂದೇ ಏನು?”

“ಮತ್ತೇನದ ಇಲ್ಲಿ ಹದಕ್ಕ ತರೋದು?”

ಅವನ ಕಿವಿ ಕೆಂಪಾದವು. ಕೊಳವೆ ತೊಳೆಯುವ ನೆವ ಮಾಡಿ ಅವಳು ಬಗ್ಗಿ ಕುಳಿತಳು. ತನ್ನ ಮುಖವೂ ಅವನಿಗೆ ಕಾಣುವುದು ಬೇಡವಾಗಿತ್ತು.

ದೇವಾನಂದನ ತಾಯಿ ಜಗದೇವಿ ಒಳ್ಳೆಯ ಹೆಂಗಸು. ಬಂದಾಗಲೆಲ್ಲ ಅಡುಗೆಮನೆಗೆ ಕರೆದು ಬಿಸಿ ರೊಟ್ಟಿ, ಶೇಂಗಾದ ಚಟ್ನಿ ಹಿಂಡಿ ಹಾಕಿಕೊಡುತ್ತಿದ್ದರು. “ತಿನ್ನು ಯವ್ವಾ, ಗಾಳಿ ಬಂದ್ರ ಹಾರಿ ಹೋಗಂಗಿದ್ದಿ,” ಎನ್ನುತ್ತಿದ್ದರು. ಮಗ ಮೊದಲ ದಿನವೇ ಅವಳನ್ನು “ಮಿತ್ರಾ ಮೇಡಂ” ಎಂದು ಪರಿಚಯಿಸಿದ್ದ. ಆಮೇಲೆ ಮೇಡಂ ಹೋಗಿ ಬರೀ ಮಿತ್ರಾ ಉಳಿಯಿತು. ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ. ರಾತ್ರಿ ಮಲಗುವಾಗ ಆ ಅರ್ಧ ಹೆಸರನ್ನು ತಾನೇ ಒಮ್ಮೆ ಪಿಸುಗುಟ್ಟಿ ನೋಡಿಕೊಂಡು ನಾಚುತ್ತಿದ್ದಳು.

ಕೊನೆಗೊಮ್ಮೆ ಕೊಳವೆ ಹಳದಿಯಲ್ಲೇ ನಿಂತಿತು. ಅವಳೇ ಹೈದರಾಬಾದಿಗೆ ಹೋಗಿ, ಅಂಗೈ ಉದ್ದದ ಎಳೆ ಮೀನುಗಳನ್ನು ಆರಿಸಿ ತಂದು ಬಿಟ್ಟಳು. ಕೆಲವೇ ದಿನಗಳಲ್ಲಿ ಅವು ಅವಳ ಬೆರಳಿನಿಂದಲೇ ಕಾಳು ತಿನ್ನಲು ಕಲಿತವು.

“ಇವಕ್ಕ ನಿನ್ನ ಕೈ ಗುರ್ತು ಸಿಕ್ತು,” ಎಂದ ದೇವಾನಂದ. ಬಹುವಚನ ಯಾವಾಗಲೋ ಉದುರಿಹೋಗಿತ್ತು.

“ಕೈಯಲ್ಲ, ಕಾಳಿನ ಗುರ್ತು.”

“ನನಗಂತೂ ಕೈಯಿಂದೇ ಗುರ್ತದ,” ಎಂದು ಅವನು ಅವಳ ಒದ್ದೆ ಮಣಿಕಟ್ಟು ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ. ಮೀನುಗಳು ಕಾಳಿಗಾಗಿ ಬಾಯಿ ತೆರೆದುಕೊಂಡು ಕಾದವು. ಇಬ್ಬರೂ ಅವುಗಳ ಕಡೆ ನೋಡಲಿಲ್ಲ.

ಅವಳೇ ಕೇಳಿದಳು. “ಅವ್ವಗ ನನ್ನ ಪೂರಾ ಹೆಸರು ಹೇಳೀಯೇನು?”

ದೇವಾನಂದನ ಹಿಡಿತ ಸಡಿಲವಾಯಿತು. ಉತ್ತರ ಅಲ್ಲೇ ಸಿಕ್ಕಿತು ಅವಳಿಗೆ. ಸಂಘಮಿತ್ರಾ ಎಂದು ಪೂರ್ತಿ ಹೇಳಿದರೆ ಸೇಡಂನಿಂದ ಚಿಂಚೋಳಿವರೆಗೆ ಯಾರಿಗಾದರೂ ತಿಳಿಯುತ್ತದೆ, ಇದು ಬೌದ್ಧರ ಮನೆಯ ಹುಡುಗಿ, ಅಜ್ಜ ಅಜ್ಜಿ ಊರ ಬಾವಿಯಿಂದ ದೂರ ನಿಂತು ಯಾರಾದರೂ ನೀರು ಸುರಿಯಲಿ ಎಂದು ಕಾದ ಓಣಿಯವಳು ಎಂದು. ತಾನು ಮುದ್ದಿನ ಹೆಸರು ಎಂದುಕೊಂಡದ್ದು ಮುಚ್ಚುಮರೆಯಾಗಿತ್ತು. ಎದೆಯಲ್ಲಿ ಮುಳ್ಳು ಮುರಿದಂತಾಯಿತು. ಆದರೂ ಪ್ರೀತಿ ಎನ್ನುವುದು ಕ್ಷಮೆಗೆ ಕಾರಣ ಹುಡುಕುವುದರಲ್ಲಿ ಭಾರಿ ಜಾಣ.

“ಹೇಳ್ತೀನಿ, ಮಿತ್ರಾ. ಖರೇನೇ ಹೇಳ್ತೀನಿ.”

“ನಿಮ್ಮ ಅವ್ವ ಬ್ಯಾಡ ಅಂದ್ರ ತಡ್ಕೋತೀನಿ. ಊರು ಆಡ್ಕೊಂಡ್ರೂ ತಡ್ಕೋತೀನಿ. ನೀ ನನಗ ಸುಳ್ಳು ಹೇಳಬ್ಯಾಡ. ಅದೊಂದು ತಡ್ಕೊಳ್ಲಿಕ್ಕಾಗಲ್ಲ ನನ್ನ ಕೈಲಿ.”

“ನಿನಗ ಎಂದೂ ಸುಳ್ಳು ಹೇಳಂಗಿಲ್ಲ,” ಎಂದ.

ಅವನು ತಾಯಿಗೆ ಹೇಳಿದ್ದು ಮುಂದಿನ ಭಾನುವಾರ. ಸಂಜೆ ಫೋನಿಗೆ ಮೆಸೇಜ್ ಬಂತು: ‘ಹೇಳೀನಿ. ಅವ್ವ ಅತ್ತಾಳ. ನೀ ಫಿಕರ್ ಮಾಡಬ್ಯಾಡ.’ ಸಂಘಮಿತ್ರಾ ಆ ಮೆಸೇಜನ್ನು ಎಷ್ಟು ಸಲ ಓದಿದಳೆಂದರೆ, ಅವಳ ತಾಯಿ ತುಳಜಾಬಾಯಿ ಬಂದು ಫೋನ್ ಕಸಿದುಕೊಂಡು ತಾಟು ಮುಂದಿಟ್ಟಳು.

ಮರುದಿನ ಅಂಗಡಿ ತೆರೆಯುವ ಹೊತ್ತಿಗೆ ಅವನ ಕರೆ.

“ಮಿತ್ರಾ, ಮೀನೆಲ್ಲ ಮ್ಯಾಲ ಬಂದು ಬಾಯಿ ಬಿಡ್ಲಿಕತ್ತಾವ. ಒಂದೆರಡು ಅಡ್ಡ ಬಿದ್ದಾವ.”

“ನೀರಾಗ ಏನರೆ ಬಿದ್ದದೇನು?”

“ಇಲ್ಲ.”

“ನೆನಪು ಮಾಡ್ಕೊ, ದೇವಾ. ನಳದ ನೀರು? ಹೊಲಕ್ಕ ಹೊಡಿಯೋ ಔಷಧ? ಯಾರರೆ ಏನರೆ ಹಾಕ್ಯಾರ?”

“ಏನೂ ಬಿದ್ದಿಲ್ಲ ಅಂದ್ನಲ್ಲ. ಯಾರೂ ಹತ್ರ ಹೋಗಿಲ್ಲ.”

ಕೊಳದ ಮಾಲೀಕರು ಏನು ಹೇಳಿದರೂ ನಂಬಬಾರದು, ನೀರನ್ನು ಕೇಳಬೇಕು. ಇದು ಅವಳ ಕಸುಬಿನ ಮೊದಲ ಪಾಠ. ಬೇರೆ ಯಾರೇ ಆಗಿದ್ದರೂ ಅವಳು ನಂಬುತ್ತಿರಲಿಲ್ಲ. ಇವನು ದೇವಾ. ನೀರಲ್ಲಿ ಏನೂ ಬಿದ್ದಿಲ್ಲ ಎಂದಮೇಲೆ ಕಾರಣ ಸೆಕೆಯೇ ಇರಬೇಕು, ಕರೆಂಟ್ ಹೋಗಿ ಗಾಳಿ ಕಡಿಮೆಯಾಗಿರಬೇಕು ಎಂದು ಲೆಕ್ಕ ಹಾಕಿದಳು.

“ಹಂಗಿದ್ರ ನೀರು ಬದಲು ಮಾಡಬ್ಯಾಡ. ದಣಿದ ಮೀನಿಗಿ ಹೊಸ ನೀರು ತಡಿಯಲ್ಲ. ಗಾಳಿ ಪಂಪ್ ಎರಡೂ ಹಚ್ಚು, ಇನ್ನೊಂದು ನೆರಳು ಕಟ್ಟು. ನಾ ಬಂದೆ.”

ವಾಡಿ ದಾರಿಯುದ್ದಕ್ಕೂ ಸಿಮೆಂಟಿನ ಲಾರಿಗಳ ಹಿಂದೆ ಸ್ಕೂಟಿ ತೆವಳಿತು. ಅವಳು ಮುಟ್ಟುವ ಹೊತ್ತಿಗೆ ಎರಡೂ ಪಂಪು ಭರ್ಜರಿಯಾಗಿ ಗುಳ್ಳೆ ಎಬ್ಬಿಸುತ್ತಿದ್ದವು. ಗುಳ್ಳೆಗಳ ನಡುವೆ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಅಭ್ಯಾಸಬಲದಿಂದ ಕೊಳವೆ ತೆಗೆದು ನೀರು ತುಂಬಿದಳು. ಹನಿ ಬಿದ್ದದ್ದೇ ತಡ, ಕಡುಹಸಿರು. ಅಷ್ಟು ಹಸಿರನ್ನು ಅವಳು ಎಂದೂ ಕಂಡಿರಲಿಲ್ಲ. ಆಗ ಮೂಗಿಗೆ ವಾಸನೆ ಬಡಿಯಿತು. ಕಲ್ಲಿನ ಅಂಚಿನಲ್ಲಿ ಅರಿಶಿನ, ಮಾವಿನೆಲೆ. ನಿಂಬೆ ಗಿಡದ ಬುಡದಲ್ಲಿ ಖಾಲಿ ಕ್ಯಾನು, ಹೊಲಕ್ಕೆ ಹೊಡೆಯಲೆಂದು ರೈತರು ಗೋಮೂತ್ರ ಕೂಡಿಡುವಂಥದ್ದು.

“ಯಾರು ಹಾಕಿದ್ರು?”

“ನಾನೇ,” ಎಂದ ದೇವಾನಂದ. ಆಮೇಲೆ ಮಾತು ಕಟ್ಟೆಯೊಡೆದು ಬಂತು. “ಅವ್ವ ಅಂದ್ಳು, ಅಕಿ ಮುಟ್ಟಿದ ನೀರು ಒಂದು ಸಲ ಚೊಕ್ಕ ಮಾಡಿಬಿಡು, ಆಮ್ಯಾಲ ನಾ ಹೂಂ ಅಂತೀನಿ ಅಂತ. ಒಂದು ಕ್ಯಾನಿನ ಮಾತು, ಮಿತ್ರಾ. ಒಂದು ಕ್ಯಾನಿಗಿ ನಮ್ಮ ಮದುವಿ. ಫಿಲ್ಟರಿನಾಗಿನ ಹುಳ ತಿಂದುಬಿಡ್ತಾವ ಅನ್ಕೊಂಡೆ. ಅವ್ವ ಒಪ್ಯಾಳ, ಗೊತ್ತೇನು? ಖರೇನೇ ಒಪ್ಯಾಳ.”

ಸತ್ತ ಮೀನುಗಳ ಮುಂದೆ ನಿಂತೂ ಅವನ ಕಣ್ಣಲ್ಲಿ ಸಂತೋಷವಿತ್ತು. ಅವಳು ಕೊಳವೆಯ ಹಸಿರು ನೀರನ್ನು ನೆಲಕ್ಕೆ ಚೆಲ್ಲಿದಳು.

“ಫೋನ್ನಾಗ ಖರೆ ಹೇಳಿದ್ರ ಅರ್ಧ ನೀರು ಹೊರಗ ಹಾಕಿಸ್ತಿದ್ದೆ. ಬದುಕ್ತಿದ್ವು.”

“ಹೇಳಿದ್ರ ನೀ ಬಿಟ್ಟು ಹೋಗ್ತಿದ್ದಿ.”

“ಇರ್ತಿದ್ದೆ, ದೇವಾ. ಬೈತಿದ್ದೆ, ಅಳ್ತಿದ್ದೆ, ಆಮ್ಯಾಲ ಇರ್ತಿದ್ದೆ.”

ಅದು ನಿಜವಾಗಿತ್ತು. ಅವಳು ಅವನನ್ನು ಅಷ್ಟು ಪ್ರೀತಿಸಿದ್ದಳು.

ಅಷ್ಟರಲ್ಲಿ ಜಗದೇವಿ ಕುಂಕುಮದ ಬಟ್ಟಲು ಹಿಡಿದು ಹೊರಗೆ ಬಂದರು. ಕಣ್ಣು ಅತ್ತು ಊದಿದ್ದವು, ಮುಖ ಮಾತ್ರ ಶಾಂತವಾಗಿತ್ತು. “ಫಿಲ್ಟರ್ ಕೆಟ್ಟಿತ್ತಂತಲ್ಲ, ದೇವಾ ಹೇಳ್ದ. ಇರ್ಲಿ ಬಿಡು ಯವ್ವಾ, ಯಾರ ಕೈಲಿ ತಪ್ಪಾಗಲ್ಲ? ಹೊಸದು ಕೂಡಿಸಿದ್ರಾತು. ಈಗ ಎಲ್ಲಾ ಚೊಕ್ಕ ಆಗ್ಯದ, ಒಳಗ ಬಾ. ನಾ ಹೂಂ ಅಂದೀನಿ.”

ಅವರ ದನಿಯಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ಕ್ಯಾನಿನಲ್ಲಿದ್ದದ್ದೇ ಮೀನು ಕೊಂದಿದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ.

ಸಂಘಮಿತ್ರಾ ದೇವಾನಂದನ ಕಡೆ ನೋಡಿದಳು. ಫಿಲ್ಟರ್ ಕೆಟ್ಟಿರಲಿಲ್ಲ ಅವ್ವ, ಎಂದು ಅವನು ಅಂದರೆ ಸಾಕಿತ್ತು. ಆ ಒಂದು ಮಾತು ಬಂದಿದ್ದರೆ ಅವಳು ಕುಂಕುಮಕ್ಕೆ ಹಣೆ ಒಡ್ಡುತ್ತಿದ್ದಳೋ ಏನೋ. ಅವನು ತಾಯಿಯನ್ನು ನೋಡಿದ, ಅವಳನ್ನು ನೋಡಿದ, ಆಮೇಲೆ ನೀರು ನೋಡುತ್ತ ನಿಂತುಬಿಟ್ಟ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವನ ಕೊಳದಲ್ಲಿ ಸಾಯುವುದು ಮೀನೇ.

ಗೇಟಿನ ತನಕ ಹಿಂದೆಯೇ ಬಂದ. “ಅವ್ವಗ ನೋವಾಗ್ತದಂತ ಹೇಳ್ಲಿಲ್ಲ. ನಿನಗ ನೋವಾಗ್ತದಂತ ಹೇಳ್ಲಿಲ್ಲ. ಇದರಾಗ ನನ್ನ ಸ್ವಾರ್ಥ ಏನದ, ಹೇಳು?”

“ನಿನ್ನ ಮಾತು ನಂಬಿ ಇವತ್ತ ನನ್ನ ಕೈಯಾರೆ ಮೀನು ಕೊಂದೀನಿ, ದೇವಾ. ನಾಳಿ ಮಕ್ಕಳನ್ನ ಯಾರ ಮಾತು ನಂಬಿ ಸಾಕಲಿ?”

ಅವನು ಅತ್ತ. ಅವಳೂ ಅತ್ತಳು, ಹೆಲ್ಮೆಟ್ ಹಾಕಿಕೊಳ್ಳಲು ಬಾರದಷ್ಟು. ಕೊನೆಗೆ ಅದನ್ನು ಹ್ಯಾಂಡಲ್ಲಿಗೆ ತೂಗುಹಾಕಿ ಹಾಗೇ ಹೊರಟಳು.

ಮನೆಯಲ್ಲಿ ತುಳಜಾಬಾಯಿ ಕೇಳಿದಾಗ, “ಬಿಸಲಿಗಿ ಸತ್ವು,” ಎಂದಳು. ಅಪ್ಪನಿಗೂ ಅದನ್ನೇ ಹೇಳಿದಳು. ದೇವಾನಂದನ ಕರೆಗಳನ್ನು ಎತ್ತಲಿಲ್ಲ, ಆದರೆ ನಂಬರು ಅಳಿಸಲೂ ಇಲ್ಲ. ಒಂದು ದಿನ ಅವನೇ ಅಂಗಡಿಗೆ ಬಂದಾನು, ಅವ್ವಗ ಎಲ್ಲಾ ಹೇಳೀನಿ ಎಂದಾನು. ಈ ಆಸೆ ಅವಳಿಗೇ ನಾಚಿಕೆ ತರಿಸುವಷ್ಟು ಗಟ್ಟಿಯಾಗಿತ್ತು.

ಬಂದದ್ದು ಭಂಕೂರದ ನಬೀಸಾಬರ ಫೋನು. ಅವರ ಮನೆಯಲ್ಲೂ ಅಂಥದೇ ಕೊಳ ಕಟ್ಟಿಕೊಡಲು ಅವಳು ಒಪ್ಪಿಕೊಂಡಿದ್ದಳು.

“ಬೇಟಿ, ಕೊಳದ ಕೆಲಸ ಜರಾ ನಿಲ್ಸು. ಶಹಾಬಾದದಾಗ ನಿನ್ನ ಫಿಲ್ಟರ್ ಕೆಟ್ಟು ಮೀನೆಲ್ಲ ಸತ್ವಂತಲ್ಲ.”

“ಯಾರು ಹೇಳಿದ್ರಿ, ಚಾಚಾ?”

“ದೇವಾನಂದನೇ ಅಂದ. ಭಾಳ ಬೇಜಾರದಾಗಿದ್ದ, ಪಾಪ.”

ಸಂಘಮಿತ್ರಾ ಸ್ಟೂಲಿನ ಮೇಲೆ ಕುಳಿತಳು. ಈಗ ಸುಮ್ಮನಿದ್ದರೆ ಅವನು ಬರುವ ದಾರಿ ತೆರೆದೇ ಇರುತ್ತದೆ. ಬಾಯಿಬಿಟ್ಟರೆ ಸಂಜೆಯೊಳಗೆ ಮಾತು ಶಹಾಬಾದ್ ಮುಟ್ಟುತ್ತದೆ, ಜಗದೇವಿಯ ಕಿವಿಗೂ ಬೀಳುತ್ತದೆ. ಆಮೇಲೆ ಆ ಮನೆಯ ಬಾಗಿಲು ಎಂದೆಂದಿಗೂ ಇಲ್ಲ.

“ಫಿಲ್ಟರ್ ಚಲೋ ಇತ್ತು, ಚಾಚಾ. ಅವರೇ ನೀರಾಗ ಒಂದು ಕ್ಯಾನ್ ಗೋಮೂತ್ರ ಹಾಕಿದ್ರು.”

“ಯಾ ಅಲ್ಲಾ,” ಎಂದರು ನಬೀಸಾಬರು. “ಮೀನಿನ ನೀರಾಗ ಅದನ್ನ ಯಾಕ ಹಾಕಿದ್ರು?”

“ಆ ನೀರು ನಾ ಮುಟ್ಟಿದ್ದೆ,” ಎಂದಳು ಸಂಘಮಿತ್ರಾ.