ದೊಡ್ಡಮ್ಮನ ಮನೆಯ ಸವಕಳಿ

“ಐದು ವರ್ಷದಿಂದ ಬಾಡಿಗಿ ತೋರಿಸೀರಿ. ಡಿಪ್ರಿಸಿಯೇಷನ್ ಒಂದ್ ವರ್ಷನೂ ತಗೊಂಡಿಲ್ಲಲ್ರೀ ತೇಜಸ್ವಿನಿ?”

ಲೆಮಾಂಟ್ ದೇವಸ್ಥಾನದ ಕ್ಯಾಂಟೀನಿನಲ್ಲಿ ನನ್ನ ಪುಳಿಯೋಗರೆ ಇನ್ನೂ ಅರ್ಧ ಇರುವಾಗಲೇ ಸಂಗಮೇಶ್ ಹೀಗೆ ಕೇಳಿದರು. ಎಲ್ಕ್ ಗ್ರೋವ್‌ನ ಒಂದು ಕಂಪನಿಯಲ್ಲಿ ಅಕೌಂಟೆಂಟ್. ಹಬ್ಬಗಳಲ್ಲಿ ಇಲ್ಲಿಯ ಅಡುಗೆಮನೆಯಲ್ಲಿ ನನ್ನ ಪಕ್ಕ ನಿಂತು ತರಕಾರಿ ಹೆಚ್ಚುವವರು. ಕಂಡವರ ಟ್ಯಾಕ್ಸ್ ಎಲ್ಲ ತಲೆಗೆ ಕಟ್ಟಿಕೊಂಡು, ಮದುವೆಯಾಗಲು ಪುರುಸೊತ್ತೇ ಆಗದ ಮನುಷ್ಯ. ಈ ಸಲ ನನ್ನದನ್ನೂ ಅವರಿಗೇ ಒಪ್ಪಿಸಿದ್ದೆ.

“ಪುಕ್ಕಟೆ ಬಂದ ಮನೆಗೆ ಎಂಥ ಡಿಪ್ರಿಸಿಯೇಷನ್? ನಾನೇನು ದುಡ್ಡು ಕೊಟ್ಟು ತಗೊಂಡ್ನಾ?”

ಸಿಡುಕಿದ್ದು ಜಾಸ್ತಿಯಾಯಿತು. ಬೆಳಿಗ್ಗೆಯಷ್ಟೇ ಮಿಷಿಗನ್‌ನಿಂದ ಸುಮಾರು ಐದು ಗಂಟೆ ಒಬ್ಬಳೇ ಡ್ರೈವ್ ಮಾಡಿಕೊಂಡು ಬಂದಿದ್ದೆ. ಡೆಟ್ರಾಯಿಟ್ ಹತ್ತಿರದ ಕ್ಯಾಂಟನ್‌ನಲ್ಲಿರುವ, ಈಗ ಬಾಡಿಗೆಗೆ ಕೊಟ್ಟಿರುವ ಆ ಮನೆ ಪದ್ಮ ದೊಡ್ಡಮ್ಮನದು. ನನಗೆ ಡೈವೋರ್ಸ್ ಆದ ವರ್ಷ ಒಂದು ಪ್ರಶ್ನೆಯನ್ನೂ ಕೇಳದೆ ನನ್ನನ್ನು ಒಳಗೆ ಕರೆದುಕೊಂಡವರು. ತೀರಿಕೊಳ್ಳುವಾಗ ಮನೆಯನ್ನು ನನ್ನ ಹೆಸರಿಗೇ ಬಿಟ್ಟು ಹೋದರು.

ಸಂಗಮೇಶ್ ನಕ್ಕರು. ಆ ನಗು ಕಣ್ಣಿನವರೆಗೆ ಹೋಗಿ ಅಲ್ಲೇ ಸ್ವಲ್ಪ ಹೊತ್ತು ಉಳಿಯಿತು.

“ದೊಡ್ಡಮ್ಮ ಹೋದ ದಿನ ಮನಿಗೆ ಏನು ಬೆಲಿ ಇತ್ತೋ, ಅದ ನಿಮ್ಮ ಖರೀದಿ ಬೆಲಿ ಇದ್ದಂಗ. ಅದರಾಗ ಜಾಗದ ಪಾಲು ತೆಗೀರಿ, ಮಣ್ಣು ಸವೆಯೂದಿಲ್ಲ. ಉಳಿದ ಕಟ್ಟಡದ ಸವಕಳಿ ವರ್ಷಾ ವರ್ಷಾ ಬಾಡಿಗ್ಯಾಗ ಕಳೀಬೇಕಿತ್ತು.”

“ಹಳೇ ರಿಟರ್ನ್ಸ್ ಎಲ್ಲಾ ತಿದ್ದಬೇಕಾ? ಆಗಲ್ಲ ನನ್ನ ಕೈಲಿ. ಮನೇನೇ ಮಾರ್ತಿದೀನಿ. ಸೋಮವಾರ ಬ್ರೋಕರ್ ಹತ್ರ ಸೈನ್ ಮಾಡ್ಬೇಕು.”

“ಮಾರಿದರ, ನೀವು ತಗೊಳ್ಳದ ಡಿಪ್ರಿಸಿಯೇಷನ್ನೂ ತಗೊಂಡೀರಿ ಅಂತನ ಸರ್ಕಾರ ಲೆಕ್ಕ ಹಿಡಿದು ಟ್ಯಾಕ್ಸ್ ಹಾಕ್ತದ. ಹಳೇದು ಮುಟ್ಟೂದು ಬ್ಯಾಡ. ಒಂದು ಫಾರ್ಮ್ ಅದ, ಬಿಟ್ಟದ್ದೆಲ್ಲಾ ಒಮ್ಮೆಗೇ ಈ ರಿಟರ್ನ್‌ನ್ಯಾಗ ತಗೋಬಹುದು. ನಾ ತುಂಬ್ತೀನಿ.” ಲ್ಯಾಪ್‌ಟಾಪ್ ಮುಚ್ಚಿದರು. “ಖರೇನ ಮಾರಬೇಕಂತೀರೇನು?”

ತಟ್ಟೆ ಪಕ್ಕಕ್ಕೆ ಸರಿಸಿದೆ. “ಮನೆ ಬೇಡ ಅಂತಲ್ಲ. ಹೀಟರ್ ಕೆಟ್ರೂ ನಾನೇ ಓಡ್ಬೇಕು, ಹಿಮ ಬಿದ್ರೂ ನಾನೇ. ಆ ದಾರಿ ಸಾಕಾಗಿದೆ ಸಂಗಮೇಶ್.”

ಅವರು ತಟ್ಟೆಯನ್ನು ಮತ್ತೆ ನನ್ನ ಮುಂದಕ್ಕೆ ತಳ್ಳಿದರು. ಆಮೇಲೆ ಹೇಳಿದರು, “ಸೈನ್ ಮಾಡೂದರೊಳಗ ಮನಿ ಒಮ್ಮೆ ನೋಡಬೇಕಿತ್ತು. ಜಾಗ ಎಷ್ಟು, ಕಟ್ಟಡ ಎಷ್ಟು ತಿಳೀಬೇಕಲ್ರೀ. ನಾಳೆ ಹೋಗಿ ಬರೋಣ.”

ಭಾನುವಾರ ಬೆಳಿಗ್ಗೆ ವುಡ್‌ರಿಡ್ಜ್‌ನ ನನ್ನ ಮನೆಯ ಡ್ರೈವ್‌ವೇಯಲ್ಲಿ ಅವರು ನಿಂತಿದ್ದರು. ಕೈಯಲ್ಲಿ ಚಹಾದ ಫ್ಲಾಸ್ಕ್, ರೊಟ್ಟಿ, ಶೇಂಗಾ ಚಟ್ನಿ. ಇಸ್ತ್ರಿ ಮಾಡಿದ ಶರ್ಟು ಬೇರೆ! ಮನೆ ಅಳೆಯಲು ಹೋಗುವವರಿಗೆ ಇಷ್ಟೆಲ್ಲ ಯಾಕೋ.

“ದೊಡ್ಡಮ್ಮ ಹೋದಾಗ ಮಾಡಿಸಿದ್ದ ಅಪ್ರೈಸಲ್ ನಿನ್ನೆ ಸಂಜೆನೇ ಮೇಲ್ ಮಾಡಿದ್ನಲ್ಲ,” ಎಂದೆ. “ಜಾಗ, ಕಟ್ಟಡ ಎರಡರ ಬೆಲೆನೂ ಅದರಲ್ಲೇ ಇದೆ. ಓದಲಿಲ್ವಾ?”

“ಓದಿದೆ.”

“ಮತ್ತೆ ಯಾಕೆ ಬಂದ್ರಿ?”

ಸಂಗಮೇಶ್ ತಮ್ಮ ಶೂಗಳನ್ನು ನೋಡಿಕೊಂಡರು. ಕಿವಿ ಕೆಂಪಾಗಿತ್ತು. ನಲವತ್ತು ದಾಟಿದ ಗಂಡಸಿನ ಕಿವಿ ಹಾಗೆ ಕೆಂಪಾಗುವುದನ್ನು ನಾನು ನೋಡಿರಲಿಲ್ಲ, ನೋಡಲು ಚೆನ್ನಾಗಿತ್ತು.

“ಮನಿ ನೋಡೂದು ಬೇಕಾಗಿದ್ದಿಲ್ರೀ. ರಿಟರ್ನ್‌ಗಂತ ಆ ಮನಿಗೆ ನಿಮ್ಮ ಓಡಾಟದ ಮೈಲ್ಸ್ ಕೂಡಿಸಿದ ಮ್ಯಾಲೆ ನನಗ ಸಂಕಟ ಆತು. ಇಷ್ಟು ದೂರ ಒಬ್ಬರೇ ಹೋಗಿ ಬರ್ತಾರಲ್ಲಾ ಅಂತ. ಇನ್ನ ಮ್ಯಾಲೆ ನಾನೂ ಬರ್ತೀನಿ, ಪ್ರತೀ ಸಲ. ನನಗ ನೀವು ಬೇಕ್ರೀ.”

ಅಳು ಬಂತು, ನಗುವೂ ಬಂತು. ಎರಡಕ್ಕೂ ಮೈಯಲ್ಲಿ ಶಕ್ತಿ ಇರಲಿಲ್ಲ. ಕಾರಿನ ಕೀ ಅವರ ಅಂಗೈಯಲ್ಲಿಟ್ಟೆ.

“ನೀವು ಡ್ರೈವ್ ಮಾಡಿ. ಮಾತಾಡಿಸ್ಬೇಡಿ, ನಾನು ಮಲಗ್ತೀನಿ.”

“ಉತ್ತರ?”

“ಈ ಕೀ ಇದುವರೆಗೆ ಯಾರಿಗೂ ಕೊಟ್ಟಿಲ್ಲ.”

ಅರ್ಧ ದಾರಿ ಕಳೆದು ಕಲಮಜೂ ಹತ್ತಿರ ಎಚ್ಚರವಾಯಿತು. ಅವರ ಜಾಕೆಟ್ ನನ್ನ ಮೇಲಿತ್ತು. ಫೋನ್ ತೆಗೆದು ಬ್ರೋಕರ್‌ಗೆ ಮೆಸೇಜ್ ಹಾಕಿದೆ: ನಾಳೆ ಬರುವುದಿಲ್ಲ, ಮನೆ ಮಾರುವುದಿಲ್ಲ. ಮತ್ತೆ ಕಣ್ಣು ಮುಚ್ಚಿದೆ.