ಮಜೀದಾ ಅವರ ಎಡಗೈ

೨೦೧೧ರಲ್ಲಿ ನಾನು ರಾಮನಗರದಲ್ಲಿ ಫಿಜಿಯೋಥೆರಪಿಸ್ಟ್ ಆಗಿದ್ದೆ. ಪಾರ್ಶ್ವವಾಯು ಹೊಡೆದವರ ಮನೆಗೇ ಹೋಗಿ ವ್ಯಾಯಾಮ ಮಾಡಿಸುತ್ತಿದ್ದೆ. ಇದು ನಡೆದದ್ದು ಹಗಲು ಹನ್ನೊಂದಕ್ಕೆ, ಕಂಡಷ್ಟನ್ನೇ ಬರೆಯುತ್ತೇನೆ.

ಚರಕದಲ್ಲಿ ರೇಷ್ಮೆ ನೂಲು ತೆಗೆಯುವ ಮಜೀದಾ ಅವರಿಗೆ ಎಡಗೈ ಸ್ವಾಧೀನ ತಪ್ಪಿತ್ತು. ಗಂಡ ತೀರಿಹೋಗಿ ಐದು ತಿಂಗಳಾಗಿತ್ತು. ಆ ಕೈ ಬಾರದಿದ್ದರೆ ಅವರು ಮತ್ತೆ ಕೆಲಸಕ್ಕೆ ಕೂರುವಂತಿರಲಿಲ್ಲ. ಹಾಡಿನ ಲಯಕ್ಕೆ ಕೆಲವರ ಕೈಕಾಲು ಬೇಗ ಆಡತೊಡಗುತ್ತವೆ. ಕೆಲಸದ ಹೊತ್ತಿನ ಹಾಡು ಯಾವುದಾದರೂ ಇದೆಯೇ ಎಂದು ಕೇಳಿದೆ. ಮಗಳು ತಾಹೇರಾ ಮೊಬೈಲಿನಲ್ಲಿದ್ದ, ಅಪ್ಪ ಕೆಲಸ ಮಾಡುತ್ತಾ ಹಾಡಿದ್ದ ಹಾಡನ್ನು ಹಾಕಿದಳು.

“ಸತ್ತ ಮೇಲೂ ಕೇಳ್ಬೇಕಾ ಈ ಮನುಷ್ಯನ್ ಅಪಸ್ವರ?” ಎಂದು ಮಜೀದಾ ನಕ್ಕರು.

ಅಷ್ಟರಲ್ಲಿ ಎಡಗೈ ಎದ್ದಿತು. ಮುಷ್ಟಿ ಕಟ್ಟಿ ಗಾಳಿಯಲ್ಲಿ ಗುಂಡಗೆ ತಿರುಗತೊಡಗಿತು. ನನಗೆ ಖುಷಿಯಾಯಿತು. ತಾಹೇರಾ ಹಿಂದೆ ಸರಿದಳು.

“ಅಮ್ಮಿ ಬರೀ ಗೂಡಿಂದ ಎಳೆ ತೆಗ್ದು ಹಾಕೋರು ಸಾರ್. ಚರಕ ತಿರುಗಿಸ್ತಿದ್ದಿದ್ದು ಅಬ್ಬ. ಎಡಗೈಲೇ ತಿರುಗಿಸೋರು.”

ಹಾಡು ನಿಲ್ಲಿಸಿದೆ. ಕೈ ನಿಲ್ಲಲಿಲ್ಲ. ಎರಡೂ ಕೈಯಿಂದ ಮಣಿಕಟ್ಟು ಹಿಡಿದೆ. ತಣ್ಣಗೆ ಒದ್ದೆಯಾಗಿತ್ತು, ಬೇಯಿಸಿದ ರೇಷ್ಮೆಗೂಡಿನ ವಾಸನೆ ಬರುತ್ತಿತ್ತು. ಅದು ನನ್ನನ್ನೂ ಎಳೆದುಕೊಂಡೇ ತಿರುಗಿತು.

“ನಾನಲ್ಲ ಸಾರ್ ತಿರುಗಿಸ್ತಿರೋದು,” ಎಂದರು ಮಜೀದಾ. ಅವರ ಮುಖದಲ್ಲಿ ನಗು ಇರಲಿಲ್ಲ. “ನೋಯ್ತೈತೆ. ಸಾಕು ಅಂತ ಅವರ್ಗೆ ಹೇಳಿ.”

ಮಧ್ಯಾಹ್ನ ಒಂದಕ್ಕೆ, ಚರಕ ನಿಲ್ಲಿಸುವ ಊಟದ ಹೊತ್ತಿಗೆ, ಕೈ ತಾನಾಗಿ ಬಿತ್ತು. ಪರೀಕ್ಷಿಸಿದರೆ ಒಂದು ಬೆರಳೂ ಅಲುಗಲಿಲ್ಲ. ಆಮೇಲೆ ನಾವು ಆ ಹಾಡು ಹಾಕಲೇ ಇಲ್ಲ. ಮುಂದಿನ ಮೂರು ವಾರವೂ ನನ್ನ ವರದಿಯಲ್ಲಿ ಎಡಗೈಯ ಬಲ ಸೊನ್ನೆ. ಕೊನೆಯ ದಿನ ಅವರ ಅಂಗೈ ಬಿಡಿಸಿ ನೋಡಿದೆ. ಮೊದಲ ದಿನ ಮೆತ್ತಗಿದ್ದ ಬೆರಳುಗಳ ಬುಡದಲ್ಲಿ, ವರ್ಷಗಟ್ಟಲೆ ಚರಕ ತಿರುಗಿಸಿದವರಿಗೆ ಇರುವಂತೆ, ದಪ್ಪಗೆ ಜಡ್ಡುಗಟ್ಟಿತ್ತು.